ಆ ಕಡೆಯ ಕೈ

ಕಡ್ಡಿಯಕ್ಕನಿಗೆ ಆ ಹೆಸರು ಬಂದದ್ದು ಮೈಯಿಂದಲೋ ಮಾತಿನಿಂದಲೋ ಎಂಬ ಬಗ್ಗೆ ವೃದ್ಧಾಶ್ರಮದಲ್ಲಿ ಇಂದಿಗೂ ಒಮ್ಮತವಿಲ್ಲ. ಮೈ ನೋಡಿದರೆ ಒಣಕಲು ಕಡ್ಡಿ. ಮಾತು ಕೇಳಿದರೆ ಕಡ್ಡಿ ಮುರಿದ ಹಾಗೆ. ಹೆಸರಿಟ್ಟವರು ಯಾರೆಂದು ಗೊತ್ತಾಗಿದ್ದರೆ ಅವರಿಗೆ ಅವತ್ತೇ ಗ್ರಹಚಾರ ಬಿಡಿಸುತ್ತಿದ್ದಳು. ಗೊತ್ತಾಗದ ಕಾರಣ ಹೆಸರನ್ನೇ ಇಟ್ಟುಕೊಂಡಳು.

ಅವಳದು ಆಯಾ ಕೆಲಸ. ಹಾಸಿಗೆ ಹಿಡಿದವರನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಒದ್ದೆಯಾದ ಬಟ್ಟೆ ತೆಗೆದು ಒಣಗಿದ್ದು ಹಾಸುವುದು. ಗಂಡ ತೀರಿಕೊಂಡಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಅಣ್ಣಂದಿರ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದಕ್ಕಿಂತ ಯಾರದೋ ಬೆನ್ನು ತೊಳೆಯುವುದೇ ವಾಸಿ ಎಂದು ಸೇರಿಕೊಂಡವಳು, ಸೇರಿದ ಮೇಲೆ ಒಂದು ದಿನವೂ ಅದನ್ನು ಸೇವೆ ಎಂದು ಕರೆಯಲಿಲ್ಲ. ಸೇವೆ ಅನ್ನುವವರು ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಕೆಲಸ ಅನ್ನುವವರು ಬೆಳಗಾದರೆ ಬಂದು ಹಾಸಿಗೆ ಬದಲಿಸುತ್ತಾರೆ ಎಂಬುದು ಅವಳ ವಾದ. ಮುದುಕರನ್ನು ಕಂಡರೆ ಅವಳಲ್ಲಿ ಕರುಣೆ ಉಕ್ಕಿ ಹರಿಯುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಬೈಯುತ್ತಲೇ ಎತ್ತುತ್ತಿದ್ದಳು. ಆದರೆ ಅವಳು ಎತ್ತಿದಾಗ ಯಾರ ಬಾಯಿಂದಲೂ ಅಯ್ಯೋ ಎಂಬ ಮಾತು ಬರುತ್ತಿರಲಿಲ್ಲ.

ಈ ಎತ್ತುವ ಕೆಲಸ ಒಬ್ಬರಿಂದ ಆಗುವುದಲ್ಲ. ಮಲಗಿದವರು ಹೊತ್ತು ಕಳೆದಂತೆ ಹಾಸಿಗೆಯ ಕೆಳತುದಿಗೆ ಜಾರುತ್ತಾರೆ. ಅವರ ಬೆನ್ನಡಿ ಅಡ್ಡಲಾಗಿ ಒಂದು ಗಟ್ಟಿ ಬಟ್ಟೆ ಇರುತ್ತದೆ. ಮಂಚದ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ನಿಂತು, ಒಂದು ಕೈಯನ್ನು ಭುಜದಡಿ ಕೊಟ್ಟು, ಇನ್ನೊಂದರಲ್ಲಿ ಬಟ್ಟೆಯ ಅಂಚನ್ನು ಸುರುಳಿ ಸುತ್ತಿ ಹಿಡಿದು, ಒಂದು ಎರಡು ಮೂರು ಎಂದು ಎಣಿಸಿ, ಒಟ್ಟಿಗೆ ಎತ್ತಿ ದಿಂಬಿನ ಕಡೆಗೆ ಸರಿಸಬೇಕು. ಎರಡು ಕಡೆಯೂ ಒಂದೇ ಸಲ ಏಳಬೇಕು. ಒಂದು ಕಡೆ ಮುಂದಾದರೆ ಮಲಗಿದವರ ಗತಿ ಮುಗಿಯಿತು.

ಕಡ್ಡಿಯಕ್ಕ ನಿಲ್ಲುವುದು ಈ ಕಡೆ. ಆ ಕಡೆ ನಿಲ್ಲುವವಳಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ, ಆದರೆ ಕಡ್ಡಿಯಕ್ಕನ ಬಾಯಲ್ಲಿ ಅದು ಬರುವುದಿಲ್ಲ. "ಆ ಕಡೆಯವಳು" ಅನ್ನುತ್ತಾಳೆ. ಆ ಕಡೆಯವಳೂ ಇವಳನ್ನು ಹಾಗೇ ಅನ್ನುತ್ತಾಳೆ. ಮಂಚದ ಆ ಬದಿಯಿಂದ ನೋಡಿದರೆ ಕಡ್ಡಿಯಕ್ಕನೇ ಆ ಕಡೆಯವಳು ತಾನೇ.

ಹಿಂದೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಒಂದು ಬೆಳಿಗ್ಗೆ ಟೀಚರಮ್ಮನೊಬ್ಬರನ್ನು ಎತ್ತುವಾಗ ಒಂದು ಕಡೆ ಮೊದಲು ಎದ್ದಿತು, ಇನ್ನೊಂದು ತಡವಾಯಿತು. ಟೀಚರಮ್ಮ ವಾಲಿ ಮಂಚದ ಕಂಬಿಗೆ ತಾಗಿ ಮೊಣಕೈ ಚರ್ಮ ಸುಲಿದುಹೋಯಿತು. ವಾರ್ಡು ನೋಡಿಕೊಳ್ಳುವ ಸಿಸ್ಟರ್ ಓಡಿ ಬಂದು ಏನಾಯಿತು ಎಂದು ಕೇಳಿದರು. ಕಡ್ಡಿಯಕ್ಕ ಬಾಯಿ ತೆರೆಯುವ ಮೊದಲೇ ಆ ಕಡೆಯವಳು, "ಇವಳು ಎಣಿಸಿದ್ದೇ ತಪ್ಪು, ಎರಡಕ್ಕೇ ಎಳೆದುಬಿಟ್ಟಳು" ಅಂದಳು. ಆವತ್ತಿನ ಬೈಗುಳವೆಲ್ಲ ಕಡ್ಡಿಯಕ್ಕನ ತಲೆಗೆ ಬಿತ್ತು. ಟೀಚರಮ್ಮನ ಮಗಳು ಬಂದು ವಾರ್ಡಿನ ನಡುವೆ ನಿಂತು ಆಡಬಾರದ ಮಾತನ್ನೆಲ್ಲ ಆಡಿದಳು. ಕಡ್ಡಿಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ತನಗೆ ಎಣಿಸಲು ಬರುವುದಿಲ್ಲ ಎಂದ ಮೇಲೆ ಇನ್ನು ಅವಳಿಗಾಗಿ ಎಣಿಸುವುದೇ ಇಲ್ಲ ಎಂದು ಅಂದೇ ಬಾಯಿಗೆ ಬೀಗ ಹಾಕಿದಳು. ಆ ಕಡೆಯವಳು ಏನೂ ಕಡಿಮೆಯವಳಲ್ಲ, ಅವಳೂ ಹಾಕಿದಳು.

ಸಿಸ್ಟರ್ ಜೋಡಿ ಬದಲಿಸಿ ನೋಡಿದರು. ಮುದುಕರು ಗಲಾಟೆ ಮಾಡಿದರು. ಅವರಿಗೆ ಹಳೆಯ ಜೋಡಿಯೇ ಬೇಕಿತ್ತು. ಸರಿ, ಮಾತಿಲ್ಲದೆ ಎತ್ತಿ ಎಂದರು. ಎತ್ತಿದರು. ಮೊದಮೊದಲು ತಡವರಿಸಿದರು, ಆಮೇಲೆ ಅದೇ ರೂಢಿಯಾಯಿತು. ಕಡ್ಡಿಯಕ್ಕ ಉಸಿರೆಳೆದುಕೊಂಡರೆ ಆ ಕಡೆಯವಳ ಮೊಣಕಾಲು ಮಡಿಯುತ್ತಿತ್ತು. ಆ ಕಡೆಯವಳ ಭುಜ ಇಳಿದರೆ ಕಡ್ಡಿಯಕ್ಕನ ಮುಷ್ಟಿ ಬಿಗಿಯುತ್ತಿತ್ತು. ಎಣಿಕೆ ಇಲ್ಲ, ಸದ್ದಿಲ್ಲ, ಮಲಗಿದವರು ತಾವಾಗಿಯೇ ಮೇಲೆ ಬಂದ ಹಾಗೆ ದಿಂಬಿಗೆ ತಲೆ ಇಟ್ಟಿರುತ್ತಿದ್ದರು. ನೋಡಿದವರು ಏನು ಹೊಂದಾಣಿಕೆ ಎಂದು ಬೆರಗಾಗುತ್ತಿದ್ದರು. ಹೊಂದಾಣಿಕೆಯೂ ಇಲ್ಲ, ಮಣ್ಣೂ ಇಲ್ಲ. ಬೇಕಾದವರ ಮೇಲೆ ಯಾರು ಅಷ್ಟು ಕಣ್ಣಿಡುತ್ತಾರೆ? ಆಗದವಳು ಯಾವ ಕ್ಷಣಕ್ಕೆ ಏನು ಮಾಡುತ್ತಾಳೋ ಎಂದು ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು, ಅಷ್ಟೇ.

ಅದರಲ್ಲೂ ಕಡ್ಡಿಯಕ್ಕನ ಮೈಯುರಿಸುತ್ತಿದ್ದದ್ದು ಆ ಕಡೆಯವಳ ಒಂದು ಚಾಳಿ. ಯಾರ ಮೈ ಮುಟ್ಟುವ ಮೊದಲೂ ಎರಡು ಅಂಗೈಯನ್ನು ತನ್ನ ಸೊಂಟಕ್ಕೆ ಗಸಗಸ ಉಜ್ಜಿಕೊಳ್ಳುತ್ತಿದ್ದಳು. ನಾಟಕ, ಎಂದುಕೊಳ್ಳುತ್ತಿದ್ದಳು ಕಡ್ಡಿಯಕ್ಕ. ಸಿಸ್ಟರ್ ನೋಡಲಿ ಅಂತ ಮಾಡುವ ನಾಟಕ.

ಹೀಗೆ ಹಾವು ಮುಂಗುಸಿಯ ಸಂಸಾರ ಸಾಗುತ್ತಿರುವಾಗ ಒಂದು ಸಂಜೆ ಕಡ್ಡಿಯಕ್ಕ ಮನೆಯ ತಾರಸಿಯಿಂದ ಒಣಗಿದ ಬಟ್ಟೆ ಹೊತ್ತು ಇಳಿಯುತ್ತಿದ್ದಳು. ಮೆಟ್ಟಿಲ ನಡುವೆ ಬಲ ಮೊಣಕಾಲು ಹೇಳದೆ ಕೇಳದೆ ಕೈಕೊಟ್ಟಿತು. ಬಟ್ಟೆಯೆಲ್ಲ ಕೆಳಗೆ, ಅವಳು ಮೆಟ್ಟಿಲ ಮೇಲೆ. ಏನೂ ಆಗಲಿಲ್ಲ, ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ತಾನೇ ಎದ್ದಳು, ಬಟ್ಟೆ ಆರಿಸಿಕೊಂಡಳು, ಯಾರಿಗೂ ಹೇಳಲಿಲ್ಲ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಬಂದ ಯೋಚನೆ ಮಾತ್ರ ಎದ್ದು ಹೋಗಲಿಲ್ಲ. ನಾನು ಬಿದ್ದರೆ ನನ್ನನ್ನು ಯಾರ ಕೈ ಎತ್ತುತ್ತದೆ?

ಸಾವಿಗೆ ಹೆದರುವವಳಲ್ಲ ಕಡ್ಡಿಯಕ್ಕ. ಅವಳ ಹೆದರಿಕೆಯೆಲ್ಲ ಕೈಗಳದು. ಕಂಕುಳಿಗೆ ಕೈ ಹಾಕಿ ಜಗ್ಗುವ ಕೈ, ತಣ್ಣಗೆ ಬಂದು ಬೆನ್ನಿಗೆ ತಗಲುವ ಕೈ, ಮಾತಾಡುತ್ತಾ ಎಲ್ಲೋ ನೋಡುತ್ತಾ ಮೈ ಹೊರಳಿಸುವ ಕೈ. ಇಂಥ ಕೈಗೆ ಸಿಕ್ಕವರು ಹೇಗೆ ದಿನದಿನಕ್ಕೂ ಮುದುಡಿಕೊಳ್ಳುತ್ತಾರೆ, ಬಾಗಿಲ ಸದ್ದಾದರೆ ಹೇಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ಅವಳು ಕಣ್ಣಾರೆ ಕಂಡಿದ್ದಳು. ಬೇರೆಯವರು ಮುಪ್ಪಿಗೆ ಹಣ ಕೂಡಿಡುತ್ತಾರೆ, ಮನೆ ಮಾಡುತ್ತಾರೆ. ತನಗೆ ಬೇಕಾದ್ದು ಒಂದು ಜೊತೆ ಒಳ್ಳೆಯ ಕೈ. ಮೈಯಲ್ಲಿ ಶಕ್ತಿ ಇರುವಾಗಲೇ ಅದನ್ನು ಹುಡುಕಿಟ್ಟುಕೊಳ್ಳಬೇಕೆಂದು ಅವಳು ತೀರ್ಮಾನಿಸಿದಳು.

ಹುಡುಕಾಟ ಮನೆಯಿಂದಲೇ ಶುರುವಾಯಿತು. ರಜೆಯ ದಿನ ಊಟವಾದ ಮೇಲೆ ಮಂಚದ ಮೇಲೆ ಅಂಗಾತ ಮಲಗಿ ಮಗನನ್ನೂ ಸೊಸೆಯನ್ನೂ ಕರೆದಳು.

"ನನಗೆ ಎದ್ದೇಳೋಕೆ ಆಗಲ್ಲ ಅಂದ್ಕೊಳ್ಳಿ. ಎತ್ತಿ ಮೇಲಕ್ಕೆ ಸರಿಸಿ, ನೋಡೋಣ."

ಮಗನಿಗೆ ಟೈರ್ ಅಂಗಡಿಯಲ್ಲಿ ಕೆಲಸ. ಅವನು ನಕ್ಕ. "ಯಾಕಮ್ಮ, ಊಟ ಹೆಚ್ಚಾಯ್ತಾ?"

"ಹಲ್ಲು ಕಿರೀಬೇಡ. ಎತ್ತು ಅಂದ್ರೆ ಎತ್ತು."

ಅವನು ಬಂದು ಕಂಕುಳಡಿ ಕೈ ತೂರಿಸಿ, ಟೈರನ್ನು ಚಕ್ರದ ಡಿಸ್ಕಿನಿಂದ ಕಿತ್ತ ಹಾಗೆ ಒಂದೇ ಜಗ್ಗಿಗೆ ಜಗ್ಗಿದ. ಅವಳ ತಲೆ ಹೋಗಿ ಗೋಡೆಗೆ ಕುಟ್ಟಿತು.

"ಸಾಕು, ನೀನು ಹೋಗು. ನೀನು ಬಾರಮ್ಮ."

ಸೊಸೆ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು, ವಾರಕ್ಕೊಂದು ರಜೆ. ಮುಖ ಊದಿಸಿಕೊಂಡೇ ಮಂಚದ ಬಳಿ ಬಂದಳು. ಕೈ ತಣ್ಣಗಿತ್ತು. ಎತ್ತುವಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

"ನನ್ನ ಕಡೆ ನೋಡಿ ಎತ್ತು. ಎತ್ತಲೋ ನೋಡಿದ್ರೆ ಕೈ ಎತ್ತಲೋ ಹೋಗತ್ತೆ."

"ಅತ್ತೆ, ನೀವು ಗುಂಡುಕಲ್ಲಿನ ಹಾಗಿದೀರ. ನೀವು ಬೀಳೋ ಹೊತ್ತಿಗೆ ನನ್ನ ಸೊಂಟ ಬಿದ್ದಿರತ್ತೆ."

"ಅದಕ್ಕೇ ಈಗಲೇ ಕಲ್ತುಕೊ ಅನ್ನೋದು."

"ಕಲಿಯೋದಾದ್ರೆ ನಮ್ಮಮ್ಮನಿಗೋಸ್ಕರ ಕಲಿತೀನಿ. ಅವಳಾದ್ರೂ ನನ್ನನ್ನ ಒಂದು ದಿನ ಎತ್ತಿ ಆಡಿಸಿದಾಳೆ." ಸೊಸೆ ಕೈ ತೆಗೆದು ನೆಟ್ಟಗೆ ನಿಂತಳು. "ಅಷ್ಟು ಭಯ ಇದ್ರೆ ನಿಮ್ಮ ಕೆಲಸದ ಜಾಗದಲ್ಲೇ ಒಂದು ಮಂಚ ಹಾಕಿಸ್ಕೊಳ್ಳಿ. ನಿಮ್ಮೋರು ಇದಾರಲ್ಲ ಅಲ್ಲಿ."

ಮಗ ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿದ. ಕಡ್ಡಿಯಕ್ಕ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಆ ಮನೆಯಲ್ಲಿ ಆಮೇಲೆ ಎರಡು ದಿನ ಪಾತ್ರೆಗಳು ಮಾತ್ರ ಮಾತಾಡಿದವು. ಸೊಸೆಯ ಮಾತಿಗೆ ಅವಳಿಗೆ ಸಿಟ್ಟೇನೋ ಬಂದಿತ್ತು. ಆದರೆ ಅದರಲ್ಲಿ ಸುಳ್ಳಿಲ್ಲ ಎಂಬುದೂ ಗೊತ್ತಿತ್ತು. ಹೊಸದಾಗಿ ಬಂದ ಹುಡುಗಿಯನ್ನು ಎತ್ತಿ ಆಡಿಸುವ ಜಾತಿಯ ಅತ್ತೆಯಾಗಿರಲಿಲ್ಲ ಅವಳು. ಬಂದ ದಿನದಿಂದಲೇ ತಪ್ಪು ಹುಡುಕಿದವಳು, ಈಗ ಒಳ್ಳೆಯ ಕೈ ಕೊಡು ಎಂದರೆ ಯಾರು ಕೊಡುತ್ತಾರೆ?

ಉಳಿದದ್ದು ಕೆಲಸದ ಜಾಗ. ಅಲ್ಲಿನ ಆಯಾಗಳ ಕೈಗಳನ್ನು ಕಡ್ಡಿಯಕ್ಕ ಈಗ ಬೇರೆಯೇ ಕಣ್ಣಿನಿಂದ ನೋಡತೊಡಗಿದಳು. ಅದೇ ಸಮಯಕ್ಕೆ ಅವಳಿಗೆ ಅನುಕೂಲವೂ ಒದಗಿತು. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು ಹೊತ್ತು ಸಾಕಾಗಿ ಒಬ್ಬ ನಡುವಯಸ್ಸಿನ ಹೆಂಗಸು ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಗಿರಣಿಯವಳು ಎಂದೇ ಎಲ್ಲರೂ ಕರೆಯುತ್ತಿದ್ದರು. ಒಳ್ಳೆಯ ಮನಸ್ಸು, ಭಾರೀ ತೋಳು, ಆದರೆ ಮೂಟೆಗೂ ಮುದುಕರಿಗೂ ವ್ಯತ್ಯಾಸ ಇನ್ನೂ ತಿಳಿದಿರಲಿಲ್ಲ. ಅವಳು ಒಬ್ಬರ ಭುಜ ಉಳುಕಿಸಿದ ಮೇಲೆ ಸಿಸ್ಟರ್ ಎಲ್ಲರನ್ನೂ ಖಾಲಿ ವಾರ್ಡಿಗೆ ಕರೆದು, ಇವತ್ತು ಎಲ್ಲರೂ ಎತ್ತುವ ಅಭ್ಯಾಸ ಮಾಡಬೇಕು, ಯಾರಾದರೂ ಒಬ್ಬರು ಮಂಚದ ಮೇಲೆ ಮಲಗಿ ಅಂದರು. ಯಾರೂ ಮುಂದೆ ಬರದಿದ್ದಾಗ ಕಡ್ಡಿಯಕ್ಕ ಚಪ್ಪಲಿ ಬಿಟ್ಟು ಮಂಚ ಹತ್ತಿದಳು. ಸಿಸ್ಟರ್‌ಗೂ ಆಶ್ಚರ್ಯವಾಯಿತು.

ಒಂದೊಂದೇ ಜೋಡಿ ಬಂದು ಎತ್ತಿತು. ಒಬ್ಬಳ ಉಂಗುರ ಬೆನ್ನು ಗೀರಿತು. ಒಬ್ಬಳ ಜೇಬಿನ ಫೋನು ಪಕ್ಕೆಗೆ ಒತ್ತಿತು. ಒಬ್ಬಳು ಎತ್ತುವಾಗ ಉಸಿರು ಬಿಟ್ಟದ್ದು ನೇರ ಇವಳ ಮೂಗಿಗೆ ಬಂತು. ಕಡ್ಡಿಯಕ್ಕ ಒಬ್ಬೊಬ್ಬಳನ್ನೇ ಮನಸ್ಸಿನ ಪಟ್ಟಿಯಿಂದ ಹೊಡೆದು ಹಾಕುತ್ತಾ ಹೋದಳು. ಕೊನೆಗೆ ಉಳಿದವರು ಈ ಕಡೆ ಗಿರಣಿಯವಳು, ಆ ಕಡೆ ಆ ಕಡೆಯವಳು. ಅವಳ ಮುಖ ನೋಡುವುದು ಬೇಡವೆಂದು ಕಡ್ಡಿಯಕ್ಕ ಕಣ್ಣು ಮುಚ್ಚಿಕೊಂಡಳು.

ಗಸಗಸ ಎಂಬ ಸದ್ದು ಕೇಳಿತು. ಮತ್ತೆ ಶುರುವಾಯಿತು ನಾಟಕ, ಅಂದುಕೊಳ್ಳುವಷ್ಟರಲ್ಲಿ ಆ ಕೈ ಭುಜದಡಿಗೆ ಬಂತು.

ಬೆಚ್ಚಗಿತ್ತು. ಬಂದ ಕೂಡಲೇ ಹಿಡಿಯಲಿಲ್ಲ. ಕೇಳಿಕೊಂಡು ಒಳಗೆ ಬರುವವರ ಹಾಗೆ ಒಂದು ಗಳಿಗೆ ಸುಮ್ಮನೆ ಇತ್ತು, ಆಮೇಲೆ ಮೂಳೆಯ ಭಾರವನ್ನು ಪೂರ್ತಿ ತನ್ನ ಮೇಲೆ ತೆಗೆದುಕೊಂಡಿತು. ಸಿಸ್ಟರ್ ಮೂರು ಅಂದರು. ಕಡ್ಡಿಯಕ್ಕನ ಅರ್ಧ ಮೈಗೆ ತಾನು ಏಳುತ್ತಿರುವುದೇ ತಿಳಿಯಲಿಲ್ಲ. ಇನ್ನರ್ಧ ಮೈಗೆ ಮಾತ್ರ ಚೆನ್ನಾಗಿ ತಿಳಿಯಿತು. ಗಿರಣಿಯವಳು ಮೂಟೆ ಎಗರಿಸಿದಂತೆ ಎಗರಿಸಿದ್ದಳು. ಕಡ್ಡಿಯಕ್ಕ ಸೊಟ್ಟಗೆ ಬಂದು ದಿಂಬಿನ ಮೂಲೆಗೆ ಬಿದ್ದಳು.

ಕತ್ತು ಹಿಡಿದುಕೊಂಡು ಎದ್ದು ಗಿರಣಿಯವಳಿಗೆ ಬೇಕಾದಷ್ಟು ಬೈದಳು. ಆ ಕಡೆಗೆ ತಿರುಗಿಯೂ ನೋಡಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಹುಡುಕುತ್ತಿದ್ದ ಕೈ ಸಿಕ್ಕಿತ್ತು. ಸಿಕ್ಕಿ ಸಿಕ್ಕಿ ಆ ಮೂದೇವಿಯ ಮೈಯಲ್ಲೇ ಸಿಗಬೇಕಿತ್ತೇ. ಇಷ್ಟು ವರ್ಷ ಮುದುಕರೆಲ್ಲ ಅನುಭವಿಸಿದ್ದ ಸುಖವನ್ನು ಎದುರಿಗೇ ನಿಂತ ತಾನು ನಾಟಕ ಎಂದುಕೊಂಡಿದ್ದಳು. ಅದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು.

ಆಮೇಲಿನ ದಿನಗಳಲ್ಲಿ ಕಡ್ಡಿಯಕ್ಕ ಆ ಕೈಯನ್ನು ಕೇಳುವುದು ಹೇಗೆಂದು ನಿದ್ದೆಗೆಟ್ಟು ಯೋಚಿಸಿದಳು. ಸಿಸ್ಟರ್ ಮೂಲಕ ಹೇಳಿ ಕಳಿಸುವುದೇ? ಛೆ, ಊರೆಲ್ಲ ಡಂಗುರವಾಗುತ್ತದೆ. ಕೇಳದೇ ಇರುವುದೇ? ಆಗ ಮಗನ ಜಗ್ಗಾಟ, ಸೊಸೆಯ ಕಿಟಕಿ ನೋಟ. ಮಾನ ದೊಡ್ಡದೋ ಬೆನ್ನು ದೊಡ್ಡದೋ ಎಂದು ತೂಗಿ ನೋಡಿದಳು. ಕೊನೆಗೆ ಬೆನ್ನು ಗೆದ್ದಿತು.

ಒಗೆದ ಬಟ್ಟೆಗಳನ್ನು ಮಡಿಸುವ ಕೋಣೆಯಲ್ಲಿ ಇಬ್ಬರೇ ಇದ್ದರು. ದೊಡ್ಡ ಹೊದಿಕೆಗಳನ್ನು ಮಡಿಸಲೂ ಇಬ್ಬರು ಬೇಕು. ಎರಡು ತುದಿ ಹಿಡಿದು ದೂರ ನಿಲ್ಲುವುದು, ಕೊಡವುವುದು, ಅರ್ಧಕ್ಕೆ ಮಡಿಸುವುದು, ಮತ್ತೆ ಹತ್ತಿರ ಬಂದು ತುದಿಗೆ ತುದಿ ಸೇರಿಸುವುದು. ಆ ಹತ್ತಿರ ಬರುವ ಗಳಿಗೆಯಲ್ಲಿ ಇಬ್ಬರೂ ಎದುರಿನವಳ ಕಿವಿಯಾಚೆಯ ಗೋಡೆಯನ್ನು ನೋಡುವುದು ವಾಡಿಕೆ. ಅಂದು ಕಡ್ಡಿಯಕ್ಕ ಗೋಡೆಯನ್ನೇ ನೋಡುತ್ತಾ, "ನನ್ನ ಮೊಣಕಾಲು ಸರಿಯಿಲ್ಲ" ಅಂದಳು.

ಆ ಕಡೆಯವಳು ಹಿಂತಿರುಗಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ನಿನಗೇ ಹೇಳ್ತಿರೋದು."

"ನನಗಾ? ನಿನ್ನ ನಾಲಗೆ ಬಿದ್ದೋಗಿದೆ ಅಂದ್ಕೊಂಡಿದ್ದೆ."

"ಬಿದ್ದೋಗಿದ್ರೆ ನಿನಗೆ ಖುಷಿಯಾಗ್ತಿತ್ತು."

"ಆಗ್ತಿತ್ತು. ಏನೀಗ?"

ಇದಕ್ಕೆಂದು ಕಡ್ಡಿಯಕ್ಕ ಒಂದು ಮೆತ್ತನೆಯ ಮಾತನ್ನು ಕೂಡಿಸಿಟ್ಟುಕೊಂಡಿದ್ದಳು. ಬಾಯಿಂದ ಹೊರಬಿದ್ದಾಗ ಅದು ಹುಕುಂ ಆಗಿತ್ತು. "ನಾನು ಹಾಸಿಗೆ ಹಿಡಿದ್ರೆ ನೀನು ಬಂದು ಎತ್ತಬೇಕು."

ಆ ಕಡೆಯವಳು ಹೊದಿಕೆಯ ಅಂಚನ್ನು ಗಲ್ಲಕ್ಕೆ ಒತ್ತಿ ಹಿಡಿದುಕೊಂಡೇ ನಕ್ಕಳು. "ಇಷ್ಟು ವರ್ಷ ಮುಖ ತಿರುಗಿಸ್ಕೊಂಡು ಓಡಾಡಿ, ಈಗ ಬಾಯಿ ಬಿಟ್ಟಿದ್ದು ಇದಕ್ಕಾ?"

"ನಿನ್ನ ಮುಖ ನೋಡಿ ಕೇಳ್ತಿಲ್ಲ. ಕೈ ನೋಡಿ ಕೇಳ್ತಿದೀನಿ."

"ಗೊತ್ತು. ಆವತ್ತು ಮಂಚದ ಮೇಲೆ ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು." ಅವಳು ಮಡಿಸಿದ್ದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎಳೆದುಕೊಂಡಳು. "ಬರ್ತೀನಿ ಅಂತಲೇ ಇಟ್ಕೊ. ನನ್ನ ಕಡೆ ನಾನು ನಿಂತೆ. ನಿನ್ನ ಕಡೆ?"

"ಯಾರಾದ್ರೂ ನಿಲ್ತಾರೆ."

"ಯಾರಾದ್ರೂ ಅಂದ್ರೆ ಗಿರಣಿಯವಳಾ? ಆವತ್ತು ಕತ್ತು ಹಿಡ್ಕೊಂಡು ಎದ್ದಿದ್ದು ಮರೆತೋಯ್ತಾ? ನನ್ನ ಒಂದು ಕೈ ತಗೊಂಡು ಏನು ಮಾಡ್ತೀಯ ಕಣೆ? ಅದರ ಜೋಡಿ ಕೈ ನಿಂದು. ನೀನು ಹಾಸಿಗೆ ಮೇಲೆ ಬಿದ್ದಿರ್ತೀಯ. ಆ ಜಾಗ ಖಾಲಿ."

ಕಡ್ಡಿಯಕ್ಕನ ಕೈಯಲ್ಲಿದ್ದ ತುದಿ ಜಾರಿತು. ಮನೆಯವರ ಕೈ ನೋಡಿದ್ದಳು, ಆಯಾಗಳ ಕೈ ನೋಡಿದ್ದಳು. ತನ್ನ ಕೈಯನ್ನು ಮಾತ್ರ ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಎಲ್ಲರನ್ನೂ ಅಷ್ಟು ಸುಖವಾಗಿ ಎತ್ತಿದ ಆ ಜೋಡಿ, ಅವರಿಬ್ಬರಲ್ಲಿ ಒಬ್ಬರಿಗೂ ಸಿಗುವಂತಿರಲಿಲ್ಲ. ಇದು ಒಂದು ಮಗುವಿಗೂ ಹೊಳೆಯುವ ವಿಷಯ. ತನಗೆ ಹೊಳೆದಿರಲಿಲ್ಲ, ಅದನ್ನು ಆ ಕಡೆಯವಳಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಕಡ್ಡಿಯಕ್ಕನ ಮುಖ ಕೆಂಪಾಯಿತು.

"ನಿನಗೆ ಇವತ್ತು ಹೊಳೀತು," ಅಂದಳು ಆ ಕಡೆಯವಳು. "ನನಗೆ ಸೊಂಟ ಹಿಡ್ಕೊಂಡಿತ್ತಲ್ಲ, ಆಗಲೇ ನಾನು ಇದನ್ನೆಲ್ಲ ಯೋಚಿಸಿ ಮುಗಿಸಿದೀನಿ. ನನಗೂ ನಿನ್ನ ಕೈಯೇ ಬೇಕಿತ್ತು. ನಿನ್ನ ಹಾಳು ಕೈ. ಸರಿಹೋಗಲ್ಲ ಅಂತ ಗೊತ್ತಾಯ್ತು, ಬಿಟ್ಟೆ."

"ಆಗಲೇ ಹೇಳಿದ್ರೆ ಯಾರಿಗಾದ್ರೂ ಕಲಿಸಿ ತಯಾರು ಮಾಡಬಹುದಿತ್ತು."

"ಹೇಗೆ ಕಲಿಸೋದು? ನೀನೂ ಎಣಿಸಲ್ಲ, ನಾನೂ ಎಣಿಸಲ್ಲ. ನಮ್ಮಿಬ್ಬರನ್ನ ನೋಡ್ಕೊಂಡು ನಿಂತವರಿಗೆ ಏನು ತಿಳಿಯತ್ತೆ, ಮಣ್ಣು? ಎಷ್ಟು ಜನ ಬಂದು ನೋಡಿ ಹೋದ್ರು. ಒಬ್ಬಳಾದ್ರೂ ಕಲಿತಳಾ?"

"ಎಣಿಸೋದು ನಿಂತಿದ್ದು ಯಾರಿಂದ? ಸಿಸ್ಟರ್ ಮುಂದೆ ಸುಳ್ಳು ಹೇಳಿದ್ಯಾರು?"

"ಸುಳ್ಳಲ್ಲ. ನೀನು ಎರಡಕ್ಕೇ ಎಳೆದೆ."

"ನೀನು ಮೂರಾದ್ರೂ ನಿದ್ದೆ ಹೊಡೀತಿದ್ದೆ."

"ಎರಡಕ್ಕೇ ಎಳೆದೆ. ನನ್ನ ಮಕ್ಕಳ ಮೇಲೆ ಆಣೆ ಇಟ್ಟು ಹೇಳ್ತೀನಿ."

"ಮಕ್ಕಳನ್ನ ಯಾಕೆ ಎಳೀತೀಯ, ನಿನ್ನ ಮೇಲೇ ಇಟ್ಕೊ."

ಜಾರಿದ ತುದಿಯನ್ನು ಕಡ್ಡಿಯಕ್ಕ ಮತ್ತೆ ಎಳೆದು ಹಿಡಿದಿದ್ದಳು, ಹೊದಿಕೆ ಇಬ್ಬರ ನಡುವೆ ಹಗ್ಗದಂತೆ ಬಿಗಿದು ನಿಂತಿತ್ತು. ವರ್ಷಗಟ್ಟಲೆ ಒಳಗೇ ಕೂತಿದ್ದ ಮಾತುಗಳು ಒಂದರ ಹಿಂದೆ ಒಂದು ಹೊರಬಂದವು. ಟೀಚರಮ್ಮನ ಮಗಳು ಆಡಿದ ಮಾತು, ಊಟದ ಡಬ್ಬಿ ಬೇರೆ ಮಾಡಿದ್ದು, ಮಗನ ಮದುವೆಗೆ ಕರೆಯದೇ ಇದ್ದದ್ದು, ಗಂಡ ತೀರಿಕೊಂಡಾಗ ಒಂದು ಮಾತೂ ಕೇಳದೆ ಮಂಚದ ಎದುರು ಬಂದು ನಿಂತದ್ದು. ಈ ಕೊನೆಯ ಮಾತು ಆ ಕಡೆಯವಳದು, ತೀರಿಕೊಂಡದ್ದು ಅವಳ ಗಂಡ. ಕಡ್ಡಿಯಕ್ಕ ತನ್ನ ತುದಿಯನ್ನು ಇನ್ನೂ ಜೋರಾಗಿ ಎಳೆದಳು. ಅಷ್ಟರಲ್ಲಿ ವಾರ್ಡಿನ ಬೆಲ್ಲು ಒಂದೇ ಸಮನೆ ಹೊಡೆದುಕೊಂಡಿತು.

ಹೋಗಿ ನೋಡಿದರೆ ಹಿಂದೆ ಬಸ್ ಡ್ರೈವರ್ ಆಗಿದ್ದ ಯಜಮಾನರು ಮಂಚದ ಕೆಳತುದಿಗೆ ಜಾರಿದ್ದರು, ಕಾಲು ಕಂಬಿಯಿಂದಾಚೆ ಚಾಚಿಕೊಂಡಿತ್ತು. ಆನೆಯಂಥ ಮೈ. ಗಿರಣಿಯವಳು ಒಬ್ಬಳೇ ಅವರ ಕಂಕುಳಿಗೆ ಕೈ ಹಾಕಿ ಎಗರಿಸಲು ಸಿದ್ಧವಾಗಿದ್ದಳು. ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು.

"ಕೈ ತೆಗಿ," ಅಂದಳು ಕಡ್ಡಿಯಕ್ಕ. ಗಿರಣಿಯವಳು ಹೆದರಿ ಹಿಂದೆ ಸರಿದಳು. ಆ ಕಡೆಯವಳು ಮಂಚ ಸುತ್ತಿ ತನ್ನ ಜಾಗಕ್ಕೆ ಹೋಗಿ ನಿಂತು, ಎಂದಿನಂತೆ ಇವಳ ಉಸಿರಿಗೆ ಕಾದಳು.

ಕಡ್ಡಿಯಕ್ಕ ಈ ಕಡೆಗೆ ಬಂದಳು, ನಿಲ್ಲಲಿಲ್ಲ. ಗಿರಣಿಯವಳ ಭುಜ ಹಿಡಿದು ತಾನು ಇಷ್ಟು ವರ್ಷ ನಿಂತ ಜಾಗದಲ್ಲಿ ಅವಳನ್ನು ತಂದು ನಿಲ್ಲಿಸಿದಳು. ಹಿಂದೆ ನಿಂತು, ಅವಳ ಒಂದು ಕೈಯನ್ನು ಯಜಮಾನರ ಭುಜದ ಬಳಿಗೆ ಒಯ್ದಳು, ಮುಟ್ಟುವ ಮೊದಲೇ ತಡೆದಳು.

"ಮೊದಲು ಸೊಂಟಕ್ಕೆ ಕೈ ಉಜ್ಜಿಕೊ. ಬಿಸಿಯಾಗೋ ತನಕ ಉಜ್ಜು."

ಗಿರಣಿಯವಳು ಉಜ್ಜಿಕೊಂಡಳು. ಕಡ್ಡಿಯಕ್ಕ ಯಾರ ಮುಖವನ್ನೂ ನೋಡಲಿಲ್ಲ. ಆದರೂ ಮಂಚದ ಆ ಬದಿಯಲ್ಲಿ ಉಜ್ಜುತ್ತಿದ್ದ ಕೈಗಳ ಸದ್ದು ನಿಂತದ್ದು ಅವಳಿಗೆ ಕೇಳಿಸಿತು.

"ಈಗ ಕೊಡು ಭುಜದಡಿ. ಹಿಡೀಬೇಡ, ಸುಮ್ನೆ ಇಡು. ಹ್ಞಾ. ಈಗ ಭಾರ ತಗೊ. ನಾನು ಎಣಿಸ್ತೀನಿ, ಮೂರಕ್ಕೆ ಎತ್ತು. ಆ ಕಡೆ ಎತ್ತಿದಷ್ಟೇ ಎತ್ತು, ಒಂದು ಕೂದಲೂ ಹೆಚ್ಚಲ್ಲ."

ಎಣಿಸಲು ಬಾಯಿ ತೆರೆದಳು. ಟೀಚರಮ್ಮನ ಸುಲಿದ ಮೊಣಕೈ ಕಣ್ಣ ಮುಂದೆ ಬಂತು. ಈ ವಾರ್ಡಿನಲ್ಲಿ ಅವಳ ಬಾಯಿಂದ ಕೊನೆಯ ಸಲ ಬಂದ ಎಣಿಕೆ ಅದೇ ಆಗಿತ್ತು.

ಮಂಚದ ಆ ಬದಿಯಿಂದ, ತಲೆ ಎತ್ತದೆಯೇ, ಆ ಕಡೆಯವಳು ಅಂದಳು, "ಈ ಸಲವಾದ್ರೂ ಸರಿಯಾಗಿ ಎಣಿಸು."

ಕಡ್ಡಿಯಕ್ಕ ಹಲ್ಲು ಕಡಿದಳು. ಆ ಮಾತಿಗೆ ಕೊಡಬೇಕಾದ ಉತ್ತರ ನಾಲಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, ವಾರ್ಡಿಗೆಲ್ಲ ಕೇಳುವಂತೆ, "ಒಂದು" ಅಂದಳು.